ಅಕ್ಷರ ಕೇಳಿದ್ರೆ ಅಕ್ಷರ ಕೊಡಿ, ಸಾಕು

ಒಂದು ವೆಬ್ ಪುಟದಿಂದ ಎರಡು ಸಾಲು ಕಾಪಿ ಮಾಡಿಕೊಂಡು ನಿಮ್ಮ ಮೇಲ್‌ಗೋ ಡಾಕ್ಯುಮೆಂಟ್‌ಗೋ ಪೇಸ್ಟ್ ಮಾಡ್ತೀರಿ. ನಿಮಗೆ ಬೇಕಾಗಿದ್ದು ಆ ಎರಡು ಸಾಲು. ಬಂದಿದ್ದು? ಆ ಪುಟದ ಫಾಂಟು, ಆ ಪುಟದ ಸೈಜು, ಆ ಪುಟದ ಬೂದು ಬಣ್ಣ, ಸಾಲಿನ ನಡುವೆ ಅವರು ಬಿಟ್ಟಿದ್ದ ಜಾಗ, ಅಕ್ಷರಗಳ ಹಿಂದೊಂದು ಬಿಳಿ ಪಟ್ಟಿ, ಅಲ್ಲಲ್ಲಿ ನೀಲಿ ಗೆರೆ. ಪುಟ ಡಾರ್ಕ್ ಮೋಡ್‌ನಲ್ಲಿದ್ದರಂತೂ ಇನ್ನೂ ಚೆಂದ. ಕಪ್ಪು ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ, ಸರ್ಕಲ್‌ನಲ್ಲಿ ಕಟ್ಟಿದ ಭಾವಪೂರ್ಣ ಶ್ರದ್ಧಾಂಜಲಿ ಫ್ಲೆಕ್ಸ್ ಥರ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೊಂಡ್ರೆ ತಳ್ಳುಗಾಡೀನೂ ಮನೆಯೊಳಗೆ ಬಂದು ನಿಂತಂಗೆ.

ನನ್ನ ವಾದ ಇಷ್ಟೇ. ಯಾವ ಕಂಪನಿಯ ಆಫೀಸ್ ಸಾಫ್ಟ್‌ವೇರ್ ಆದರೂ ಇರಲಿ, ಹೊರಗಿನಿಂದ ತಂದು ಕಂಟ್ರೋಲ್ ವಿ ಒತ್ತಿದಾಗ ಬರೀ ಅಕ್ಷರ ಬರಬೇಕು. ವೇಷಭೂಷಣ ಸಮೇತ ಬೇಕು ಅನ್ನೋರು ಇನ್ನೊಂದು ಕೀ ಜಾಸ್ತಿ ಒತ್ತಲಿ. ಈಗಿರೋದು ಉಲ್ಟಾ. ವೇಷ ಪುಕ್ಕಟೆ, ಬರೀ ಅಕ್ಷರ ಬೇಕು ಅಂದರೆ ಮೂರೋ ನಾಲ್ಕೋ ಕೀಗಳ ಕಸರತ್ತು.

"ಇದೂ ಒಂದು ವಿಷ್ಯಾನಾ? ಫಾರ್ಮ್ಯಾಟ್ ಸರಿ ಮಾಡೋಕೆ ಹತ್ತು ಸೆಕೆಂಡು ಸಾಕು" ಅಂತ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬರು ನಕ್ಕರು. ಹತ್ತು ಸೆಕೆಂಡಿನ ಲೆಕ್ಕ ಹಾಕೋಕೆ ನಾನು ಬಂದಿಲ್ಲ. ಸಮಯಕ್ಕಿಂತ ದೊಡ್ಡ ನಷ್ಟ ಬೇರೆ ಇದೆ, ಅದಕ್ಕೆ ಬರ್ತೀನಿ. ಮೊದಲು ಇದು ಹೇಗೆ ನಡೆಯುತ್ತೆ ಅನ್ನೋದು ಗೊತ್ತಿರಲಿ, ಯಾಕಂದ್ರೆ ತುಂಬಾ ಜನ ಇದನ್ನ ಕಂಪ್ಯೂಟರಿನ ಹಣೆಬರಹ ಅಂತಲೇ ತಿಳಿದಿದ್ದಾರೆ.

ನೀವು ಕಾಪಿ ಮಾಡಿದಾಗ ಕ್ಲಿಪ್‌ಬೋರ್ಡಿಗೆ ಹೋಗೋದು ಒಂದೇ ವಸ್ತು ಅಲ್ಲ. ಅದೇ ಪಠ್ಯದ ಹಲವು ರೂಪಗಳು ಒಟ್ಟಿಗೆ ಹೋಗಿ ಕೂರ್ತವೆ. ಬರೀ ಅಕ್ಷರದ ಯೂನಿಕೋಡ್ ರೂಪ ಒಂದು, ಬಣ್ಣ ಫಾಂಟು ಎಲ್ಲ ಮೆತ್ತಿಕೊಂಡ ಎಚ್‌ಟಿಎಂಎಲ್ ರೂಪ ಇನ್ನೊಂದು, ಕೆಲವು ಸಲ ರಿಚ್ ಟೆಕ್ಸ್ಟ್ ಅನ್ನೋ ಮೂರನೆಯದು. ಪೇಸ್ಟ್ ಮಾಡಿದ ಕ್ಷಣ ಆ ಕಡೆಯ ಪ್ರೋಗ್ರಾಮು ಇವುಗಳಲ್ಲಿ ಒಂದನ್ನ ಆರಿಸಿಕೊಳ್ಳುತ್ತೆ. ಅಂದರೆ ಬರೀ ಅಕ್ಷರ ಅಲ್ಲೇ, ಕೈಗೆ ಸಿಗೋ ಹಾಗೆ, ಮೊದಲಿಂದಲೂ ಇದೆ. ಅದನ್ನ ಬಿಟ್ಟು ಅಲಂಕಾರದ ರೂಪವನ್ನೇ ಎತ್ತಿಕೊಳ್ಳಬೇಕು ಅಂತ ಯಾರೋ ಒಬ್ಬ ನನ್ನಂಥ ಎಂಜಿನಿಯರು, ಯಾವುದೋ ಮೀಟಿಂಗಿನಲ್ಲಿ, ತೀರ್ಮಾನ ಮಾಡಿದ್ದಾನೆ. ತೀರ್ಮಾನ ಅಂದಮೇಲೆ ಬದಲಾಯಿಸಬಹುದು.

ಇನ್ನೊಂದು ಸಂಗತಿ ಹೇಳಿದರೆ ನಮ್ಮ ಕಸುಬಿನವರಿಗೆ ಕೋಪ ಬರುತ್ತೆ, ಬರಲಿ. ನಾವು ಪ್ರೋಗ್ರಾಮರ್‌ಗಳು ದಿನವಿಡೀ ಕೂತು ಕೋಡ್ ಬರೆಯೋ ಎಡಿಟರ್‌ಗಳಲ್ಲಿ ಪೇಸ್ಟ್ ಅಂದರೆ ಬರೀ ಅಕ್ಷರ. ಟರ್ಮಿನಲ್‌ನಲ್ಲೂ ಅಷ್ಟೇ, ಬ್ರೌಸರಿನ ಅಡ್ರೆಸ್ ಪಟ್ಟಿಯಲ್ಲೂ ಅಷ್ಟೇ. ವಾಟ್ಸಾಪ್‌ಗೆ ಪೇಸ್ಟ್ ಮಾಡಿದ್ರೂ ಮೂಲದ ಫಾಂಟು ಬರಲ್ಲ, ಬರಲಿಲ್ಲ ಅಂತ ಅತ್ತವರನ್ನ ನಾನು ನೋಡಿಲ್ಲ. ನಮಗೆ ಯಾವುದು ಒಳ್ಳೇದು ಅಂತ ನಮಗೆ ಗೊತ್ತಿತ್ತು, ಅದನ್ನ ನಮ್ಮ ಮನೆಗೆ ಇಟ್ಟುಕೊಂಡ್ವಿ. ಎಚ್‌ಆರ್‌ನವರಿಗೆ, ಅಕೌಂಟ್ಸ್‌ನವರಿಗೆ, ಮೇಷ್ಟ್ರಿಗೆ, ಗುಮಾಸ್ತರಿಗೆ ಜರತಾರಿ ಹಚ್ಚಿದ ಆವೃತ್ತಿ ಕೊಟ್ವಿ.

ಕಟ್, ಕಾಪಿ, ಪೇಸ್ಟ್ ಅನ್ನೋ ಈ ಉಪಾಯದ ಹಿಂದೆ ಲ್ಯಾರಿ ಟೆಸ್ಲರ್ ಅನ್ನೋ ಕಂಪ್ಯೂಟರ್ ವಿಜ್ಞಾನಿ ಇದ್ದರು. 2020ರಲ್ಲಿ ತೀರಿಕೊಂಡರು. 1970ರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಟಿಮ್ ಮಾಟ್ ಜೊತೆ ಸೇರಿ ಅವರು ಜಿಪ್ಸಿ ಅನ್ನೋ ಎಡಿಟರ್ ಕಟ್ಟಿದರು. ಅದನ್ನ ಕಟ್ಟಿದ್ದು ಪಠ್ಯಪುಸ್ತಕ ಪ್ರಕಾಶಕರಿಗಾಗಿ, ಕತ್ತರಿ ಹಿಡಿದು ಹಾಳೆ ಕತ್ತರಿಸಿ ಅಂಟಿಸಿ ಕೆಲಸ ಮಾಡೋ ಸಂಪಾದಕರಿಗಾಗಿ. ಹೆಸರು ಅಲ್ಲಿಂದಲೇ ಬಂತು. ಎಡವಟ್ಟೂ ಆ ಕತ್ತರಿಯ ಉಪಮೆಯಿಂದಲೇ ಬಂತು ಅಂತ ನನಗನ್ನಿಸುತ್ತೆ. ಕಾಗದ ಕತ್ತರಿಸಿದರೆ ಅದರ ಮೇಲಿನ ಇಂಕು, ಕೈಬರಹ, ಕಲೆ ಎಲ್ಲ ಜೊತೆಗೇ ಬರುತ್ತೆ, ಬೇರೆ ದಾರಿ ಇಲ್ಲ. ಆದರೆ ಅಚ್ಚುಕೂಟದ ಪೂರ್ತಿ ಕಥೆ ನೆನಪಿಸಿಕೊಳ್ಳಿ. ಕೈಬರಹದ ಹಾಳೆ, ಟೈಪ್ ಮಾಡಿದ ಹಾಳೆ, ಕತ್ತರಿಸಿ ಅಂಟಿಸಿದ ಚೂರು, ಎಲ್ಲಾನೂ ಮೊಳೆ ಜೋಡಿಸುವವರ ಕೈಗೆ ಹೋಗ್ತಿತ್ತು. ಲೇಖಕರ ಅಕ್ಷರ ಮುತ್ತಿನಂತಿರಲಿ, ಕಾಗೆ ಕಾಲು ಗುಬ್ಬಿ ಕಾಲಿನಂತಿರಲಿ, ಅವರು ಓದಿಕೊಳ್ತಿದ್ದದ್ದು ಪದಗಳನ್ನ ಮಾತ್ರ. ಪುಟದಲ್ಲಿ ಕೂರ್ತಿದ್ದದ್ದು ಆ ಪುಸ್ತಕದ ಮೊಳೆ. ಹಳೇ ಕಾಲದ ಕಂಪೋಸಿಟರ್ ಮಾಡ್ತಿದ್ದ ಆ ಸಹಜ ಕೆಲಸವನ್ನ ನಮ್ಮ ಸಾಫ್ಟ್‌ವೇರು ಇವತ್ತಿಗೂ ತಾನಾಗಿ ಮಾಡಲ್ಲ.

ಒಂದು ಕಾಲಕ್ಕೆ ಇದಕ್ಕೆ ಸಮರ್ಥನೆ ಇತ್ತೋ ಏನೋ. ತೊಂಬತ್ತರ ದಶಕದಲ್ಲಿ ಒಂದು ಪ್ರೋಗ್ರಾಮಿನ ಬೋಲ್ಡ್ ಇನ್ನೊಂದಕ್ಕೆ ಬೋಲ್ಡಾಗಿಯೇ ಹೋಗೋದು ದೊಡ್ಡ ಸಂಗತಿ. ಆಗ ಜನ ಕಾಪಿ ಮಾಡ್ತಿದ್ದದ್ದು ತಾವೇ ಬರೆದ ಇನ್ನೊಂದು ಫೈಲಿನಿಂದ. ಇವತ್ತು ಕಾಪಿ ಮಾಡೋದು ವೆಬ್‌ನಿಂದ, ಚಾಟ್‌ನಿಂದ, ಪಿಡಿಎಫ್‌ನಿಂದ, ಎಐ ಕೊಟ್ಟ ಉತ್ತರದಿಂದ. ಯಾವುದರ ವೇಷವೂ ನಮ್ಮದಲ್ಲ.

ಈಗ ಆ ದೊಡ್ಡ ನಷ್ಟದ ವಿಷಯ. ನಮ್ಮ ಟೀಮಿಗೆ ಒಬ್ಬ ಹುಡುಗಿ ಹೊಸದಾಗಿ ಸೇರಿದ್ದರು, ಸಣ್ಣ ಊರಿನ ಕಾಲೇಜಿನವರು. ಕೆಲಸದಲ್ಲಿ ಬಹಳ ಚುರುಕು. ಕ್ಲೈಂಟ್‌ಗೆ ಅವರು ಕಳಿಸಿದ ಮೇಲ್‌ನಲ್ಲಿ ಮೊದಲ ಸಾಲು ಒಂದು ಫಾಂಟು, ಮುಂದಿನ ಎರಡು ಪ್ಯಾರಾ ಇನ್ನೊಂದು ಫಾಂಟು, ಸೈಜೂ ಒಂದು ಚೂರು ದೊಡ್ಡದು. ಮೇಲಿನವರೊಬ್ಬರು ಎಲ್ಲರ ಮುಂದೆ, "ಕಾಪಿ ಹೊಡೆದಿದ್ದು ಗೊತ್ತಾಗದ ಹಾಗಾದರೂ ಹೊಡೀಬೇಕಲ್ವಾ?" ಅಂದರು. ಆಕೆ ಯಾರದ್ದನ್ನೂ ಕಾಪಿ ಹೊಡೆದಿರಲಿಲ್ಲ. ಮೇಲ್ ಅನ್ನು ಮೊದಲು ಬೇರೊಂದು ಕಡೆ ಬರೆದು, ಗ್ರಾಮರ್ ತಪ್ಪುಗಳನ್ನ ನೋಡಿಕೊಂಡು, ಎರಡು ಸಲ ಓದಿ, ಆಮೇಲೆ ತಂದು ಹಾಕಿದ್ದರು.

ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷ್ ಮೇಲ್ ಅನ್ನು ನೇರವಾಗಿ ಮೇಲ್ ಪೆಟ್ಟಿಗೆಯಲ್ಲೇ ಬರೆದು ಸೆಂಡ್ ಒತ್ತೋ ಧೈರ್ಯ ಬರೋಕೆ ವರ್ಷಗಳು ಬೇಕು. ಅಲ್ಲಿವರೆಗೆ ನಾವು ಬೇರೆ ಕಡೆ ಬರೆದು ತಂದು ಹಾಕೋರು. ಆ ತಯಾರಿ ನಾಚಿಕೆಯ ವಿಷಯ ಅಲ್ಲ, ಶ್ರದ್ಧೆ. ಆದರೆ ಸಾಫ್ಟ್‌ವೇರಿನ ಈ ಡಿಫಾಲ್ಟು ಆ ಶ್ರದ್ಧೆಯ ಹೊಲಿಗೆಯನ್ನ ಬಟ್ಟೆಯ ಮೇಲ್ಭಾಗಕ್ಕೆ ಎತ್ತಿ ತೋರಿಸುತ್ತೆ. ಇಂಗ್ಲಿಷ್ ಮನೆಮಾತಾದವರು ನೇರ ಟೈಪ್ ಮಾಡ್ತಾರೆ, ಅವರ ಮೇಲ್ ಒಂದೇ ಫಾಂಟಿನಲ್ಲಿ ಹೊಳೆಯುತ್ತೆ. ಕಷ್ಟಪಟ್ಟು ಬರೆದವರ ಮೇಲ್ ಮಾತ್ರ ಕದ್ದ ಮಾಲಿನ ಥರ ಕಾಣುತ್ತೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಒಪ್ಪುತ್ತೇನೆ. ಆದರೆ ಪರಿಣಾಮ ಬೀಳೋದು ಯಾರ ತಲೆ ಮೇಲೆ ಅಂತ ನೋಡಿ.

(ಎಐನಿಂದ ಎತ್ತಿದ್ದನ್ನ ಹಿಡಿಯೋಕೆ ಫಾಂಟು ಸಹಾಯ ಮಾಡುತ್ತಲ್ಲ ಅಂತ ಒಬ್ಬ ಗೆಳೆಯ ಅಂದ. ಫಾಂಟು ನೋಡಿ ಕಳ್ಳನನ್ನ ಹಿಡಿಯೋ ಮ್ಯಾನೇಜರು ಮೇಲ್ ಓದ್ತಿಲ್ಲ ಅಂತಾಯ್ತು.)

"ಶಾರ್ಟ್‌ಕಟ್ ಇದೆಯಲ್ಲ, ಕಲಿತುಕೊಳ್ಳಿ" ಅನ್ನೋದು ಮುಂದಿನ ಉಪದೇಶ. ಯಾವುದನ್ನ ಕಲಿಯೋಣ? ಕ್ರೋಮ್‌ನಲ್ಲಿ, ಗೂಗಲ್ ಡಾಕ್ಸ್‌ನಲ್ಲಿ ಕಂಟ್ರೋಲ್ ಶಿಫ್ಟ್ ವಿ. ಮ್ಯಾಕ್‌ನಲ್ಲಿ ಆಪ್ಷನ್, ಶಿಫ್ಟ್, ಕಮಾಂಡ್, ಅದರ ಜೊತೆ ವಿ. ಲಿಬ್ರೆ ಆಫೀಸ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್, ವಿ, ವೀಣೆ ನುಡಿಸಿದಂಗೆ. ವರ್ಡ್‌ನ ಕಥೆ ಇನ್ನೂ ತಮಾಷೆ. ಕೆಲವು ವರ್ಷಗಳ ಹಿಂದಿನವರೆಗೂ ಅಲ್ಲಿ ಕಂಟ್ರೋಲ್ ಶಿಫ್ಟ್ ವಿ ಒತ್ತಿದರೆ ಅಕ್ಷರ ಬಿಟ್ಟು ಬರೀ ಫಾರ್ಮ್ಯಾಟ್ ಪೇಸ್ಟ್ ಆಗ್ತಿತ್ತು. ಬ್ರೌಸರಿನಲ್ಲಿ ಒಂದು ಅರ್ಥ, ವರ್ಡ್‌ನಲ್ಲಿ ಅದರ ತದ್ವಿರುದ್ಧ! ಈಗ ಸರಿಪಡಿಸಿದ್ದಾರೆ, ಸಂತೋಷ. ಹೊರಗಿನಿಂದ ಬಂದದ್ದಕ್ಕೆ 'ಮರ್ಜ್ ಫಾರ್ಮ್ಯಾಟಿಂಗ್' ಅನ್ನೋದನ್ನೂ ಈಚಿನ ವರ್ಡ್‌ನಲ್ಲಿ ಡಿಫಾಲ್ಟ್ ಮಾಡಿದ್ದಾರೆ. ಫಾಂಟು ಸೈಜು ನಮ್ಮದು, ಬೋಲ್ಡು ಪಟ್ಟಿಗಳು ಅವರದು. ಅರ್ಧ ದಾರಿ ಬಂದು ಕಾಫಿಗೆ ನಿಲ್ಲಿಸಿದ್ದಾರೆ ಅನ್ನೋಣ. ಅದೇ ಕಂಪನಿ ಪವರ್‌ಟಾಯ್ಸ್ ಅನ್ನೋ ಬೇರೆ ಉಚಿತ ಉಪಕರಣ ಕೊಡುತ್ತೆ, ಅದನ್ನ ಹಾಕಿಕೊಂಡರೆ ವಿಂಡೋಸ್ ಕೀ, ಕಂಟ್ರೋಲ್, ಆಲ್ಟ್, ವಿ ಒತ್ತಿ ಎಲ್ಲಿ ಬೇಕಾದರೂ ಬರೀ ಅಕ್ಷರ ಪೇಸ್ಟ್ ಮಾಡಬಹುದು. ಮುಂಬಾಗಿಲಲ್ಲಿ ಜ್ವರ, ಹಿತ್ತಲ ಬಾಗಿಲಲ್ಲಿ ಮಾತ್ರೆ.

ಈ ಶಾರ್ಟ್‌ಕಟ್‌ಗಳಲ್ಲಿ ಒಂದೂ ಗೊತ್ತಿಲ್ಲದ ಜನ ಏನು ಮಾಡ್ತಾರೆ ಗೊತ್ತಾ? ನೋಟ್‌ಪ್ಯಾಡ್ ತೆಗೀತಾರೆ. ಮೊದಲು ಅಲ್ಲಿ ಪೇಸ್ಟ್, ಅಲ್ಲಿಂದ ಮತ್ತೆ ಕಾಪಿ, ಆಮೇಲೆ ಸರಿಯಾದ ಜಾಗಕ್ಕೆ ಪೇಸ್ಟ್. ಬ್ಯಾಂಕಿನವರು, ಪತ್ರಿಕೆಯವರು, ಸೈಬರ್ ಸೆಂಟರಿನ ಹುಡುಗರು, ಯಾರನ್ನ ಬೇಕಾದರೂ ಕೇಳಿ. ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ, ಅವರವರೇ ಕಂಡುಕೊಂಡಿದ್ದು. ಹೊಲದಿಂದ ಬಂದವರು ಬಚ್ಚಲಲ್ಲಿ ಕಾಲು ತೊಳೆದು ಒಳಗೆ ಬರ್ತಾರಲ್ಲ, ಹಾಗೆ ನೋಟ್‌ಪ್ಯಾಡ್ ಈ ದೇಶದ ಆಫೀಸುಗಳ ಬಚ್ಚಲುಮನೆ ಆಗಿದೆ. ಬಳಸೋರೆಲ್ಲ ಒಂದೇ ಅಡ್ಡದಾರಿ ಹಿಡಿದಿದ್ದಾರೆ ಅಂದರೆ ತಪ್ಪು ರಸ್ತೆ ಹಾಕಿದವನದು.

ಎದುರು ವಾದದಲ್ಲಿ ಹುರುಳಿರೋದನ್ನ ಒಪ್ಪಿಕೊಳ್ತೀನಿ. ಒಂದೇ ಡಾಕ್ಯುಮೆಂಟಿನೊಳಗೆ ಒಂದು ಪ್ಯಾರಾ ಎತ್ತಿ ಕೆಳಗಿಟ್ಟರೆ ಅದರ ಬೋಲ್ಡು, ಅದರ ಶೈಲಿ ಹಾಗೇ ಇರಬೇಕು, ಅದು ನಮ್ಮದೇ ಮನೆಯ ಸಾಮಾನು. ಟೇಬಲ್ಲುಗಳದ್ದೂ ಬೇರೆ ಲೆಕ್ಕ. ಎಕ್ಸೆಲ್‌ನ ಹತ್ತು ಸಾಲು ತಂದರೆ ಅದು ಕೋಷ್ಟಕವಾಗಿಯೇ ಬರಲಿ ಅನ್ನೋದು ನ್ಯಾಯ. ಉಳಿದಿದ್ದು ಲಿಂಕು ಮತ್ತು ಬೋಲ್ಡು. ಬರೀ ಅಕ್ಷರ ಬಂದಾಗ ಇವು ಹೋಗ್ತವೆ, ನಿಜ. ಆದರೆ ಹೋಗಿದ್ದು ಆ ಕ್ಷಣವೇ ಕಣ್ಣಿಗೆ ಕಾಣುತ್ತೆ. ಬೇಕು ಅನ್ನಿಸಿದರೆ ಕಂಟ್ರೋಲ್ ಜೆಡ್ ಒತ್ತಿ, ಅಲಂಕಾರದ ಪೇಸ್ಟ್ ಮಾಡಿ, ಮುಗೀತು. ಅಲಂಕಾರದ ಜೊತೆ ನುಸುಳಿ ಬಂದದ್ದು ಹಾಗಲ್ಲ. ವೆಬ್ ಪುಟದ ತಲೆಬರಹ ನಿಮ್ಮ ವರದಿಯ ಹೆಡಿಂಗ್ ಆಗಿ ಕೂತಿರುತ್ತೆ, ಪರಿವಿಡಿ ತೆಗೆದ ದಿನ ಅದು ಅಲ್ಲಿ ಹಲ್ಲು ಕಿರಿಯುತ್ತೆ. ಲಿಂಕಿನ ಹಿಂದೆ ಯಾರು ಎಲ್ಲಿಂದ ಬಂದರು ಅಂತ ಎಣಿಸೋ ಮೊಳದುದ್ದದ ಬಾಲ ಇರುತ್ತೆ, ಅದು ನಿಮ್ಮ ಮೇಲ್ ಹತ್ತಿ ಕ್ಲೈಂಟ್‌ವರೆಗೂ ಹೋಗುತ್ತೆ. ಕಾಣೋ ನಷ್ಟ ಮತ್ತು ಕಾಣದ ಕಸ, ಎರಡರಲ್ಲಿ ಒಂದನ್ನ ಡಿಫಾಲ್ಟ್ ಮಾಡಬೇಕು ಅಂದರೆ ನಾನಂತೂ ಕಾಣೋದನ್ನೇ ಆರಿಸ್ತೀನಿ.

ಇನ್ನು ನಮ್ಮ ಕನ್ನಡದ ವಿಷಯ. ನನ್ನ ವಾದಕ್ಕೆ ಅತಿ ಗಟ್ಟಿ ವಿರೋಧ ಬರೋದು ಇಲ್ಲಿಂದಲೇ.

ನಮ್ಮ ಅಕ್ಕ ಊರ ಕಡೆ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. ಒಂದು ದಿನ ಫೋನ್ ಮಾಡಿದಳು. "ಲೋ, ಹಳೇ ಫೈಲಿಂದ ತಂದು ಆನ್‌ಲೈನ್ ಫಾರಂಗೆ ಹಾಕಿದ್ರೆ ಕನ್ನಡ ಎಲ್ಲಾ ಹೋಗಿ ಏನೇನೋ ಇಂಗ್ಲಿಷ್ ಬಂದ್ಬಿಡ್ತು ಕಣೋ."

"ಅಕ್ಕಾ, ಅದು ಮೊದಲಿಂದಾನೂ ಇಂಗ್ಲಿಷೇ. ಕನ್ನಡದ ವೇಷ ಹಾಕ್ಕೊಂಡಿತ್ತು ಅಷ್ಟೆ," ಅಂದೆ.

"ತಲೆ ತಿನ್ಬೇಡ, ಈಗೇನ್ ಮಾಡ್ಲಿ ಹೇಳು," ಅಂದಳು.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳ ಕಥೆ ಇದು. ಅವುಗಳ ಒಳಗೆ ಕನ್ನಡ ಇಲ್ಲ. ಹಳೇ ನುಡಿಯಲ್ಲಿ 'ಕನ್ನಡ' ಅನ್ನೋ ಪದ ಟೈಪ್ ಮಾಡಿದರೆ ಫೈಲಿನಲ್ಲಿ ಕೂರೋದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರೋ ಎ, ಬ್ರಿಟನ್ನಿನ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯದೊಂದು ಅಕ್ಷರ, ಕ್ಯೂ, ಕೊನೆಗೆ ಮತ್ತೊಂದು ಎ. ಫಾಂಟು ಆ ಪೌಂಡಿಗೆ 'ನ'ದ ಮುಖವಾಡ ತೊಡಿಸುತ್ತೆ, ಪಿಗೆ 'ಕ'ದ ಮುಖವಾಡ. ಫಾರ್ಮ್ಯಾಟ್ ಬಿಟ್ಟು ಪೇಸ್ಟ್ ಮಾಡಿದರೆ ಮುಖವಾಡ ಕಳಚಿ ಬೀಳುತ್ತೆ.

ಹಾಗಾಗಿ ವಿರೋಧಿಗಳ ವಾದ ಹೀಗೆ: ಕನ್ನಡಕ್ಕೆ ಫಾಂಟೇ ಜೀವ, ಬರೀ ಅಕ್ಷರ ಪೇಸ್ಟ್ ಮಾಡಿದರೆ ಕನ್ನಡ ಸಾಯುತ್ತೆ. ನಾನು ಹೇಳೋದು ಉಲ್ಟಾ. ಫಾಂಟನ್ನೂ ಹೊತ್ತು ತರೋ ಈ ಪೇಸ್ಟ್ ನಮ್ಮ ಕಾಯಿಲೆಯನ್ನ ಇಷ್ಟು ವರ್ಷ ಮುಚ್ಚಿಟ್ಟಿತು.

ನುಡಿ, ಬರಹ ಮಾಡಿದವರನ್ನ ನಾನು ಬೈಯಲ್ಲ. ವಿಂಡೋಸ್‌ಗೆ ಕನ್ನಡವೇ ಬಾರದ ಕಾಲದಲ್ಲಿ ಕನ್ನಡವನ್ನ ಪರದೆ ಮೇಲೆ ತಂದವರು ಅವರು. ಕನ್ನಡ ಗಣಕ ಪರಿಷತ್ತು ನುಡಿ ಮಾಡಿರದಿದ್ದರೆ ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಟೈಪಿಂಗ್ ಅಷ್ಟು ಬೇಗ ಬರ್ತಿರಲಿಲ್ಲ. ಪೇಜ್‌ಮೇಕರ್‌ನಂಥ ಪ್ರೋಗ್ರಾಮಿಗೆ ಯೂನಿಕೋಡ್ ಕನ್ನಡ ಜೋಡಿಸೋಕೆ ಬರ್ತಿರಲಿಲ್ಲ, ಡಿಟಿಪಿ ಅಂಗಡಿಯವರು ಇನ್ನೇನು ಮಾಡಬೇಕಿತ್ತು? ಆದರೆ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ, ಮೊದಲ ಆವೃತ್ತಿಯಲ್ಲೇ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಅನ್ನೋ ಕನ್ನಡ ಫಾಂಟಿನ ಜೊತೆಗೇ ಬಂತು. ನುಡಿ, ಬರಹಗಳೂ ಆಮೇಲೆ ಯೂನಿಕೋಡ್ ಕಲಿತವು. ಆದರೂ ಯೂನಿಕೋಡ್ ಅಲ್ಲದ ಕಡತಗಳು ಹುಟ್ಟುತ್ತಲೇ ಇದ್ದವು, ಯಾಕೆ?

ಒಂದು ಕಾರಣ, ಯಾರಿಗೂ ನೋವಾಗಲಿಲ್ಲ. ಒಂದು ಫೈಲಿನಿಂದ ಇನ್ನೊಂದಕ್ಕೆ ಪೇಸ್ಟ್ ಮಾಡಿದರೆ ಫಾಂಟಿನ ಹೆಸರು ಜೊತೆಗೇ ಹೋಗ್ತಿತ್ತು, ಪರದೆ ಮೇಲೆ ಕನ್ನಡ ಕಾಣ್ತಿತ್ತು. ಎಲ್ಲಾ ಸರಿ ಇದೆ ಅಂತ ಎಲ್ಲರೂ ಅಂದುಕೊಂಡರು. ಅದೇ ಹೊತ್ತಿಗೆ ಆ ಪಠ್ಯವನ್ನ ಹುಡುಕಿದರೆ ಸಿಗ್ತಿರಲಿಲ್ಲ, ಹೆಸರುಗಳನ್ನ ಅಕಾರಾದಿಯಾಗಿ ಜೋಡಿಸೋಕೆ ಆಗ್ತಿರಲಿಲ್ಲ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಇಟ್ಟುಕೊಂಡು ಕೂತರೆ ಅದು ಪಿ, ಎ, ಪೌಂಡ್ ಅಂತ ಬಡಬಡಿಸ್ತಿತ್ತು. ಪೇಸ್ಟ್ ಮೊದಲ ದಿನದಿಂದ ಬರೀ ಅಕ್ಷರದ್ದೇ ಆಗಿದ್ದಿದ್ದರೆ? ಎಕ್ಸ್‌ಪಿ ಬಂದ ವರ್ಷವೇ ಯಾರೋ ಒಬ್ಬ ಗುಮಾಸ್ತರು ಪೌಂಡು ಚಿಹ್ನೆ ನೋಡಿ ಗಾಬರಿಯಾಗಿ ಮೇಲಿನವರನ್ನ ಕೇಳ್ತಿದ್ದರು. ಹತ್ತು ಕಚೇರಿಯಿಂದ ಅದೇ ದೂರು ಹೋಗ್ತಿತ್ತು. ಯೂನಿಕೋಡ್‌ಗೆ ಬರೋ ಒತ್ತಡ ಆಗಲೇ ಹುಟ್ಟುತ್ತಿತ್ತು ಅಂತ ನನ್ನ ನಂಬಿಕೆ. ಕೊನೆಗೆ ಸತ್ಯ ಹೊರಗೆ ಬಿದ್ದದ್ದು ಅಕ್ಕನ ಆನ್‌ಲೈನ್ ಫಾರಂನಂಥ ಕಡೆ, ಯಾಕಂದ್ರೆ ಆ ಪೆಟ್ಟಿಗೆ ಅಕ್ಷರ ಬಿಟ್ಟು ಬೇರೇನನ್ನೂ ಒಳಗೆ ಬಿಟ್ಟುಕೊಳ್ಳಲ್ಲ.

ಅಷ್ಟರಲ್ಲಿ ಎಷ್ಟು ಠರಾವು, ಎಷ್ಟು ಅರ್ಜಿ, ಎಷ್ಟು ಜನರ ಕಥೆ ಕವನ ಆ ವೇಷದಲ್ಲೇ ಉಳಿದುಹೋದವು. ಪರಿವರ್ತಕಗಳಿವೆ, ಬಳಸಬಹುದು. ಆದರೆ ಹಳೇ ಫಾಂಟಿನಲ್ಲಿ 'ಕರ್ನಾಟಕ' ಬರೆದರೆ ಅರ್ಕಾವತ್ತು 'ನಾ' ಆದಮೇಲೆ ಕೂತಿರುತ್ತೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನ ಎತ್ತಿ ಹಿಂದಕ್ಕೆ ಇಡಬೇಕು. ಒಂದು ಕಡೆ ಎಡವಿದರೆ ರಾಜ್ಯದ ಹೆಸರೇ ತಪ್ಪು. ಅಕ್ಕ ಅವತ್ತು ಪರಿವರ್ತಕದಲ್ಲಿ ಹಾಕಿ, ಮೂರು ಪುಟವನ್ನ ಮತ್ತೆ ಸಾಲು ಸಾಲಾಗಿ ಓದಿ ತಿದ್ದಿದಳು. ಸಂಜೆ ಆರೂವರೆಯ ಬಸ್ಸು ತಪ್ಪಿತು.

ಇಷ್ಟು ಓದಿದ ಮೇಲೆ ನಿಮ್ಮ ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್ ಅಂತ ಹೋಗಿ. ಕೆಳಗೆ ಕಟ್, ಕಾಪಿ, ಪೇಸ್ಟ್ ಅನ್ನೋ ಭಾಗದಲ್ಲಿ ಪೇಸ್ಟಿಂಗ್ ಅಂತ ಶುರುವಾಗೋ ನಾಲ್ಕು ಸಾಲು ಸಿಗ್ತವೆ. ನಾಲ್ಕನೆಯದು ಬೇರೆ ಪ್ರೋಗ್ರಾಮುಗಳಿಂದ ಬಂದದ್ದಕ್ಕೆ. ಅದನ್ನ 'ಕೀಪ್ ಟೆಕ್ಸ್ಟ್ ಓನ್ಲಿ' ಮಾಡಿ. ಮೊದಲನೆಯದನ್ನ, ಅಂದರೆ ಅದೇ ಡಾಕ್ಯುಮೆಂಟಿನೊಳಗಿನದನ್ನ, ಮುಟ್ಟಬೇಡಿ. ಔಟ್‌ಲುಕ್‌ನಲ್ಲಿ ಮೇಲ್ ಆಯ್ಕೆಗಳ ಒಳಗಿನ ಎಡಿಟರ್ ಆಪ್ಷನ್ಸ್‌ನಲ್ಲಿ ಇದೇ ಸಾಲುಗಳಿವೆ. ಹಳೇ ನುಡಿ ಕಡತ ಇಟ್ಟುಕೊಂಡವರು ಮೊದಲು ಅದನ್ನ ಯೂನಿಕೋಡ್‌ಗೆ ತಿರುಗಿಸಿಕೊಳ್ಳಿ.

ನಿಮ್ಮ ಅಪ್ಪನ ಲ್ಯಾಪ್‌ಟಾಪಿನಲ್ಲೂ ಮಾಡಿಕೊಡಿ. ಹೀಗೆ ಒಬ್ಬೊಬ್ಬರ ಯಂತ್ರದಲ್ಲಿ ಮಾಡ್ತಾ ಹೋಗೋದು ಡಿಫಾಲ್ಟ್ ಬದಲಾದಂತೆ ಅಲ್ಲ ಅಂತ ನನಗೂ ಗೊತ್ತು. ಅದಕ್ಕೇ ನಮ್ಮ ಆಫೀಸಿನ ಐಟಿ ವಿಭಾಗಕ್ಕೆ ಒಂದು ಟಿಕೆಟ್ ಹಾಕಿದೆ, ಎಲ್ಲರ ಯಂತ್ರದಲ್ಲೂ ಈ ಆಯ್ಕೆಯನ್ನ ಬದಲಾಯಿಸಿ ಕೊಡಿ ಅಂತ. ನಾಲ್ಕನೇ ದಿನ ಉತ್ತರ ಬಂತು. ಇದು ಬಳಕೆದಾರರ ವೈಯಕ್ತಿಕ ಆಯ್ಕೆ, ಟಿಕೆಟ್ ಮುಚ್ಚಲಾಗಿದೆ ಅಂತ. ಮೊದಲ ಸಾಲು ಒಂದು ಫಾಂಟಿನಲ್ಲಿ, ಉಳಿದದ್ದು ಇನ್ನೊಂದರಲ್ಲಿ, ಹಿಂದೆ ತೆಳು ಬೂದು ಪಟ್ಟಿ. ಅದರ ಸ್ಕ್ರೀನ್‌ಶಾಟ್ ಲಗತ್ತಿಸಿ ಟಿಕೆಟ್ ಮತ್ತೆ ಓಪನ್ ಮಾಡಿದ್ದೇನೆ.